ಅಪ್ಪ ಸುತ್ತಿದ ಕಂಡಿಕೆ

ಅವ್ವನ ಬಲ ಮೊಣಕೈ ನೋವಿಗೆ ನವನಗರದ ಡಾಕ್ಟರು ಟೆನಿಸ್ ಎಲ್ಬೋ ಅಂತ ಹೆಸರಿಟ್ಟರು. ಟೆನಿಸ್ ಬ್ಯಾಟನ್ನು ಕಣ್ಣಿಂದಲೂ ಕಾಣದ ಇಳಕಲ್ಲಿನ ಹೆಂಗಸಿಗೆ ಇದೆಂಥ ರೋಗ ಎಂದು ನಾನು ನಕ್ಕೆ. ಅವ್ವ ನಗಲಿಲ್ಲ. ಚಹಾದ ಲೋಟ ಎತ್ತಿದರೂ ಅವಳ ಕೈ ಸೋತು ಇಳಿಯುತ್ತಿತ್ತು. ಎಣ್ಣೆ ತಿಕ್ಕಿ, ಗುಳಿಗೆ ನುಂಗಿ, ಇಂಜೆಕ್ಷನ್ ಚುಚ್ಚಿಸಿಕೊಂಡು ಸಾಕಾಗಿತ್ತು. ಇನ್ನು ಉಳಿದದ್ದು ಶಾಕ್‌ವೇವ್. ಅದಕ್ಕೂ ಬಗ್ಗದಿದ್ದರೆ ಆಪರೇಶನ್ ಎಂದರು. ಆಪರೇಶನ್ ಅಂದರೆ ಕೈ ಹೋದ ಹಾಗೆಯೇ ಎಂದು ಅವ್ವ ತೀರ್ಮಾನಿಸಿಬಿಟ್ಟಿದ್ದಳು.

ನಮ್ಮ ಓಣಿಗೆ ಆಗಷ್ಟೇ ಮೊಬೈಲು ಬಂದಿದ್ದ ಕಾಲ. ವಾರಕ್ಕೊಮ್ಮೆ ಅಪ್ಪ ಮಗ್ಗ ನಿಲ್ಲಿಸಿ, ನಮ್ಮಿಬ್ಬರನ್ನೂ ಕರೆದುಕೊಂಡು ಹುನಗುಂದದ ಮೇಲೆ ಹಾಯುವ ಬಸ್ಸು ಹತ್ತುತ್ತಿದ್ದ. ಫಿಸಿಯೋಥೆರಪಿಯ ಹುಡುಗಿ ಮೊಣಕೈಗೆ ತಣ್ಣನೆಯ ಜೆಲ್ ಸವರಿ, ಪಿಸ್ತೂಲಿನಂಥದೊಂದನ್ನು ಒತ್ತಿ ಹಿಡಿಯುತ್ತಿದ್ದಳು. ಇದು ಕರೆಂಟಲ್ಲ, ಬರೀ ಪೆಟ್ಟಿನ ಅಲೆ, ಸ್ನಾಯು ಎಲುಬಿಗೆ ಅಂಟುವ ಜಾಗವನ್ನು ಎಬ್ಬಿಸಿ ವಾಸಿ ಮಾಡುತ್ತದೆ ಎಂದು ತಿಳಿಸಿ ಹೇಳಿದ್ದಳು. ಟಕಟಕ ಸದ್ದು ಶುರುವಾದರೆ ಅವ್ವ ಕಣ್ಣು ಮುಚ್ಚಿ ಬನಶಂಕರಿಯನ್ನು ನೆನೆಯುತ್ತಿದ್ದಳು. ಅಪ್ಪ ಗೋಡೆ ನೋಡುತ್ತಿದ್ದ. ಆ ಕೈಗೆ ಕೆಲಸ ಕೊಡಬೇಡಿ ಎಂದು ಹುಡುಗಿ ಪ್ರತಿ ಸಲವೂ ಹೇಳುತ್ತಿದ್ದಳು.

ಕೊಡಲಿಲ್ಲ. ರೊಟ್ಟಿ ನಾನು ಬಡಿದೆ, ನೀರು ನಾನು ಹೊತ್ತೆ, ಬಟ್ಟೆ ನಾನು ಒಗೆದೆ; ಅದರ ಸಿಟ್ಟು ನನಗಿನ್ನೂ ಇದೆ. ಯಾಕೆಂದರೆ ಇಷ್ಟೆಲ್ಲ ಮಾಡಿದರೂ ನೋವು ಇದ್ದಲ್ಲೇ ಇತ್ತು.

ಕೊನೆಗೆ ಆ ಹುಡುಗಿ ಸ್ಟೂಲು ಎಳೆದುಕೊಂಡು ಕೂತು, ಬೆಳಗಿನಿಂದ ಏನೇನು ಮಾಡುತ್ತೀರಿ ಎಂದು ಕೇಳಿದಳು. ಏನೂ ಇಲ್ಲ ಎಂದಳು ಅವ್ವ. ಎಲ್ಲ ಮಗಳೇ ಮಾಡುತ್ತಾಳೆ ಎಂದು ಅಪ್ಪನೂ ದನಿಗೂಡಿಸಿದ.

“ಮತ್ತ ಹೊತ್ತ ಹೆಂಗ ಕಳೀತೀರಿ?”

“ಸುಮ್ನ ಕುಂತಿರ್ತೇನ್ರಿ,” ಎಂದಳು ಅವ್ವ. “ಕುಂತಲ್ಲೇ ಕಂಡಿಕಿ ಸುತ್ತತೇನಿ.”

ಕಂಡಿಕೆ ಅಂದರೆ ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯೊಳಗೆ ಕೂರುವ ನೂಲಿನ ಪುಟ್ಟ ಸುರುಳಿ. ಹುಡುಗಿಗೆ ಗೊತ್ತಿರಲಿಲ್ಲ. ರಾಟೆ ತಿರುವಿ ಹೀಗೆ ಸುತ್ತಬೇಕು ಎಂದು ತೋರಿಸಲು ಅವ್ವ ಬಲಗೈಯನ್ನು ಗಾಳಿಯಲ್ಲಿ ತಿರುವಿದಳು. ಅರ್ಧ ಸುತ್ತಿಗೇ ಮುಖ ಕಿವುಚಿಕೊಂಡಿತು.

ನೇಕಾರರ ಓಣಿಯಲ್ಲಿ ಮಗ್ಗಕ್ಕೆ ಕೂತರಷ್ಟೇ ಕೆಲಸ. ಹೆಂಗಸರು ಗೋಡೆಗೊರಗಿ ದಿನವಿಡೀ ರಾಟೆ ತಿರುವಿದರೆ ಅದು ಸುಮ್ಮನೆ ಕೂತ ಲೆಕ್ಕ. ಗಂಡಸರಷ್ಟೇ ಅಲ್ಲ, ಅವ್ವನೂ ಹಾಗೇ ಅಂದುಕೊಂಡಿದ್ದಳು. ದೀಪದ ಬುಡಕ್ಕೆ ಕತ್ತಲೆ ಅನ್ನೋದು ಇದಕ್ಕೇ.

ಬಸ್ಸು ಹುನಗುಂದ ದಾಟಿದ ಮೇಲೆ ಅಪ್ಪ, ಇನ್ನು ರಾಟೆ ತಾನೇ ತಿರುವುತ್ತೇನೆ ಎಂದ. ನಾನು ಸುತ್ತುತ್ತೇನೆ ಅಂದರೆ, ನಿನಗೆ ಮನೆಗೆಲಸವೇ ಸಾಕು ಎಂದ.

ಅವನು ತಿರುವಿದ ಕಥೆ ಕೇಳಬೇಡಿ. ಮಗ್ಗದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಅವನ ಕಂಡಿಕೆಗಳು ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಸಡಿಲಾಗಿ, ಲಾಳಿಯೊಳಗೇ ಸಿಕ್ಕಾಗಿ ನೂಲು ಹರಿಯುತ್ತಿತ್ತು. ರಾಟೆಯೇ ಸರಿಯಿಲ್ಲ ಎಂದು ಗೊಣಗಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವ್ವ ಕೂತಲ್ಲಿಂದಲೇ ಚುಚ್ಚಿದಳು. ಓಣಿಯವರು ಬಾಗಿಲಲ್ಲಿ ನಿಂತು ನಕ್ಕು ಹೋದರು. ಸೀರೆ ಮಗ್ಗದಿಂದ ಇಳಿಯುವುದು ತಡವಾಯಿತು. ಅಪ್ಪ ರಾಟೆ ಬಿಡಲಿಲ್ಲ. ಆಗ ಅವನ ಮೇಲೆ ಬಂದಷ್ಟು ಪ್ರೀತಿ ನನಗೆ ಮತ್ತೆಂದೂ ಬಂದಿಲ್ಲ.

ಆಮೇಲಿನ ವಾರಗಳಲ್ಲಿ ಆ ಟಕಟಕ ಪೆಟ್ಟು ಹತ್ತತೊಡಗಿತು. ಅವ್ವ ಮೊದಲು ಲೋಟ ಎತ್ತಿದಳು, ಆಮೇಲೆ ತುಂಬಿದ ಚರಿಗೆ.

ಕೊನೆಯ ಸಲ ಹೋದಾಗ ದೊಡ್ಡ ಡಾಕ್ಟರೇ ಬಂದು ಕೈ ಮಡಚಿಸಿ, ಚಾಚಿಸಿ ನೋಡಿ, ಆಪರೇಶನ್ ಬೇಡ ಎಂದರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಅವ್ವ ರೂಢಿಯಂತೆ, ಏನಿಲ್ಲ, ಮನೆಯಲ್ಲೇ ಇರುತ್ತೇನೆ ಅನ್ನುವಷ್ಟರಲ್ಲಿ ಅಪ್ಪ ಮುಂದೆ ಬಂದ.

“ಆಕಿ ನೇಯ್ಗಿ ಕೆಲಸ ಮಾಡ್ತಾಳ್ರಿ,” ಎಂದ. “ಆಕಿ ಸುತ್ತಿ ಕೊಟ್ರ ನಾ ನೇಯ್ತೇನಿ. ಆಕಿ ಬಿಟ್ರ, ಸುಮ್ನ ಕುಂದ್ರಾಂವ ನಾನು.”

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ಬಲಗೈಯಲ್ಲೇ.