ಕಾಲು ಮುಂದಾಗಿ ಹುಟ್ಟಿದವಳು

ನನ್ನ ತಂಗಿ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಒದ್ದರೆ ಹಿಡಿದುಕೊಂಡ ಸೊಂಟ ಬಿಟ್ಟುಹೋಗುತ್ತದೆ ಎಂಬುದು ನಮ್ಮ ಶ್ರೀನಿವಾಸಪುರದ ಕಡೆ ಬಲವಾದ ನಂಬಿಕೆ. ಮಾವಿನ ಕಾಲ ಬಂತೆಂದರೆ ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಜನವೋ ಜನ. ಮಾವಿನ ಮಂಡಿಯಲ್ಲಿ ಕ್ರೇಟು ಎತ್ತಿ ಎತ್ತಿ ಸೊಂಟ ಹಿಡಿಸಿಕೊಂಡವರು ಗೋಡೆ ಹಿಡಿದು, ಒಂದು ಪಕ್ಕಕ್ಕೆ ವಾಲಿಕೊಂಡು ಬರುತ್ತಿದ್ದರು. "ನಡುಮು ಪಟ್ಟೇಸಿಂದಮ್ಮಾ, ವಸಿ ಪಾಪನ್ನ ಕರಿಯಮ್ಮ" ಎಂದು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಅಮ್ಮನನ್ನು ಗೋಗರೆಯುತ್ತಿದ್ದರು.

ಪಾಪ ಎಂದರೆ ನನ್ನ ತಂಗಿ. ಅವಳಂಥ ಪುಕ್ಕಲಿ ಇನ್ನೊಬ್ಬಳಿಲ್ಲ. ಬರಿಹೊಟ್ಟೆಯಲ್ಲಿ ಬಂದು ನಿಂತು, ಮೊದಲು ಅವರಿಗೆ ಕೈ ಮುಗಿಯುತ್ತಿದ್ದಳು. ಆಮೇಲೆ ಎಡಗಾಲನ್ನು ಅವರ ಸೊಂಟಕ್ಕೆ ಮೂರು ಸಲ ತಾಗಿಸಿ, ದೊಡ್ಡವರಿಗೆ ಕಾಲು ತಾಗಿಸಿದೆನಲ್ಲಾ ಎಂದು ತಕ್ಷಣ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನನಗೋ ನಗು. "ಒದಿಯೋದು ಅಂದ್ರೆ ಹಂಗೇನೇ? ಅದಕ್ಕೆ ಇರುವೆನೂ ಸಾಯಲ್ಲ" ಎಂದು ರೇಗಿಸುತ್ತಿದ್ದೆ. "ನೀನೇ ಬಂದು ಗುದ್ದು ಹೋಗಕ್ಕ, ಬಾಕ್ಸರ್ರು!" ಎಂದು ಮೂತಿ ತಿರುವುತ್ತಿದ್ದಳು.

ಹೌದು, ನಾನು ಬಾಕ್ಸರ್ರು. ಕೋಲಾರದಲ್ಲಿ ಕಾಲೇಜು ಸೇರಿದಾಗ ಶುರುವಾದ ಹುಚ್ಚು. ಕಲಿಸುತ್ತಿದ್ದವರು ವಕ್ಕಲೇರಿ ಕಡೆಯ ನಿವೃತ್ತ ಯೋಧರು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ನೇರ ಮೈದಾನಕ್ಕೆ ಬರುತ್ತಿದ್ದರು, ಅಂಗಿಯಲ್ಲಿ ಇನ್ನೂ ಹಿಂಡಿಯ ವಾಸನೆ ಇರುತ್ತಿತ್ತು. "ಏಟು ಕೈಯಿಂದ ಬರಲ್ಲ ಕಣಮ್ಮ, ಸೊಂಟದಿಂದ ಬರ್ತದೆ. ಸೊಂಟ ತಿರುಗ್ಲಿಲ್ಲ ಅಂದ್ರೆ ನೀನು ಬರೀ ನೊಣ ಓಡಿಸ್ತಿದೀಯ" ಎನ್ನುತ್ತಿದ್ದರು. ಓದಿನಲ್ಲಿ ನಾನು ಅಷ್ಟಕ್ಕಷ್ಟೆ. ಮನೆಗೆಲಸದಲ್ಲಿ ಅದಕ್ಕಿಂತ ದಂಡ. ನೋಡಲು ಬಂದ ಗಂಡಿನವರು ನನ್ನ ಭುಜ ನೋಡಿಯೇ ಕಾಫಿ ಅರ್ಧಕ್ಕೆ ಬಿಟ್ಟು ಎದ್ದಿದ್ದರು. ಆದರೆ ಕೈಗೆ ಪಟ್ಟಿ ಸುತ್ತಿ ಗ್ಲೌಸು ಹಾಕಿಕೊಂಡರೆ ಸಾಕು, ನಾನೂ ಒಬ್ಬ ಮನುಷ್ಯಳು ಅನ್ನಿಸುತ್ತಿತ್ತು. ಆ ವರ್ಷ ರಾಜ್ಯ ತಂಡದ ಆಯ್ಕೆಗೆ ನನ್ನ ಹೆಸರು ಹೋಯಿತು. ಬೆಂಗಳೂರಿನಲ್ಲಿ ಆಯ್ಕೆ. ಅಷ್ಟು ಆಸೆಪಟ್ಟು ನಾನು ಜೀವಮಾನದಲ್ಲಿ ಬೇರೇನನ್ನೂ ಕೇಳಿಲ್ಲ. "ನಾನೂ ಬರ್ತೀನಕ್ಕ, ನೀನು ಹೊಡಿಯೋದು ನೋಡ್ಬೇಕು" ಎಂದು ತಂಗಿಯೂ ಹಟ ಹಿಡಿದಿದ್ದಳು.

ನೋವು ಶುರುವಾದದ್ದು ಆಗಲೇ. ಮೊದಮೊದಲು ಅಭ್ಯಾಸ ಮುಗಿದ ಮೇಲೆ ಸೊಂಟದ ಎಡಕ್ಕೆ ಒಂದು ಎಳೆತ. ಆಮೇಲೆ ಬೆಳಿಗ್ಗೆ ಎದ್ದ ಕೂಡಲೇ. ಹಾಳು ನೋವು, ಒಳ್ಳೆ ಸಮಯ ನೋಡಿಕೊಂಡು ಬಂತು! ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಹೋಗುತ್ತಿದ್ದೆ, ಕೂತರೆ ಏಳುವುದು ಕಷ್ಟ. ಬಗ್ಗುವಂತಿಲ್ಲವೆಂದು ಷೂ ಲೇಸು ಕಟ್ಟಲು ಕಾಲನ್ನು ಕಲ್ಲುಬೆಂಚಿನ ಮೇಲಿಡುತ್ತಿದ್ದೆ. ಸೀನು ಬಂದರೆ ಎದೆ ಝಲ್ಲೆನ್ನುತ್ತಿತ್ತು. ಮನೆಯಲ್ಲಿ ಹಾಸಿಗೆ ಬಿಟ್ಟು ಚಾಪೆಗೆ ಬಂದೆ. ಅಮ್ಮ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುತ್ತಿದ್ದಳು. ಅದರ ಬಿಸಿ ಇರುವಷ್ಟು ಹೊತ್ತು ಸುಖ.

ರಿಂಗಿನಲ್ಲಿ ಪಕ್ಕದಿಂದ ಬೀಸುವ ನನ್ನ ಎಡಗೈ ಹುಕ್ ಅಂದರೆ ಎಲ್ಲರಿಗೂ ಭಯ. ಅದಕ್ಕೆ ಸೊಂಟ ಪೂರ್ತಿ ತಿರುಗಬೇಕು. ಮೆಲ್ಲನೆ ಅದನ್ನು ಕಡಿಮೆ ಮಾಡಿ, ದೂರದಿಂದ ನೇರ ಏಟುಗಳಲ್ಲೇ ಕಾಲ ತಳ್ಳತೊಡಗಿದೆ. ಗುರುಗಳ ಕಣ್ಣು ತಪ್ಪಿಸಲು ಆದೀತೆ?

"ಎಡಗೈ ಎಲ್ಲೋಯ್ತಮ್ಮ? ಮನೇಲಿ ಬಿಟ್ಟು ಬಂದಿದೀಯಾ?"

"ಇಲ್ಲ ಸಾರ್, ಹಂಗೇನಿಲ್ಲ."

"ಸೊಂಟ ಏನಾದ್ರೂ..."

"ಅಯ್ಯೋ ಇಲ್ಲ ಸಾರ್."

ಅವರು "ನೋಡ್ಕೋ, ನಿಂಗೇ ಬಿಟ್ಟಿದ್ದು" ಎಂದರು. ನಮ್ಮ ಬೀದಿಯ ಡಾಕ್ಟರು ಮಾತ್ರೆ ಬರೆದು, ರೆಸ್ಟ್ ತೆಗೆದುಕೊಳ್ಳಲು ಹೇಳಿದರು. ಮಾತ್ರೆ ನುಂಗಿದೆ. ಆಯ್ಕೆ ತಲೆಯ ಮೇಲೆ ಕೂತಿರುವಾಗ ರೆಸ್ಟ್ ಎಲ್ಲಿಂದ ತರಲಿ?

"ಮದ್ದು ಮನೇಲೇ ಇಟ್ಕೊಂಡು ಊರೆಲ್ಲ ಸುತ್ತುತೀಯಲ್ಲೇ" ಎಂದು ಅಮ್ಮ ದಿನಾ ಗೊಣಗುತ್ತಿದ್ದಳು. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಆದರೆ ನೋವು ಹೆಚ್ಚಾದಾಗ ನಂಬಿಕೆ ತಾನಾಗಿ ಬರುತ್ತದೆ, ಯಾರೂ ಹೇಳಿಕೊಡಬೇಕಿಲ್ಲ. ಒಂದು ಭಾನುವಾರ ಅಂಗಳದಲ್ಲಿ ಚಾಪೆ ಹಾಸಿ ಬೋರಲು ಮಲಗಿದೆ. ತಂಗಿ ಬಂದಳು, ಕೈ ಮುಗಿದಳು. ಎಂದಿನಂತೆ ಕಾಲನ್ನು ಹೂವಿನ ಹಾಗೆ ತಾಗಿಸಿದಳು.

"ಏಯ್, ಒದಿಯೇ ಅಂದ್ರೆ ಸವರ್ತೀಯಲ್ಲೇ! ಜೋರಾಗಿ ಒದಿ."

"ಬೇಡ ಅಕ್ಕ, ಭಯ ಆಗ್ತದೆ."

"ಒದಿಯೇ ಸುಮ್ನೆ. ಬೆಂಗ್ಳೂರಿಗೆ ಬರ್ಬೇಕೋ ಬೇಡ್ವೋ?"

ಮೂರನೆಯದು ನಿಜವಾಗಿಯೂ ಒದೆಯೇ. ಕ್ಷಣಕಾಲ ಉಸಿರು ನಿಂತಿತು. ಎದ್ದು ನೋಡುತ್ತೇನೆ, ನೋವೇ ಇಲ್ಲ! ಅಂಗಳದಲ್ಲೇ ಗಾಳಿಗೆ ಗುದ್ದುತ್ತಾ ಒಂದು ಸುತ್ತು ಹಾಕಿದೆ. ಅಮ್ಮ ಇಬ್ಬರಿಗೂ ದೃಷ್ಟಿ ತೆಗೆದಳು. ತಂಗಿ ಚಪ್ಪಾಳೆ ತಟ್ಟಿ ಕುಣಿದಳು. ಅಷ್ಟು ಸಂತೋಷವಾಗಿ ಅವಳನ್ನು ನಾನು ಮತ್ತೆ ಎಂದೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಮುಖ ತೊಳೆಯಲು ಬಗ್ಗಿದೆ. ಸೊಂಟದಿಂದ ಹಿಮ್ಮಡಿಯವರೆಗೆ ಕರೆಂಟು ಹೊಡೆದ ಹಾಗಾಯಿತು. ಅಲ್ಲೇ ಬಿದ್ದೆ. ಎಡಗಾಲು ನನ್ನದಲ್ಲವೆನ್ನುವಂತೆ ಜೋಮು ಹಿಡಿದಿತ್ತು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯ ಒಂದೊಂದು ಉಬ್ಬಿಗೂ ನಾನು ಕಿರುಚಿದರೆ, ಮುಂದಿನ ಸೀಟಿನಲ್ಲಿ ಕೂತ ತಂಗಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಸ್ಕ್ಯಾನ್ ಆಯಿತು. ಡಿಸ್ಕ್ ಜಾರಿ ನರ ಒತ್ತುತ್ತಿದೆ, ಇದು ತಿಂಗಳುಗಳಿಂದ ಆಗುತ್ತಾ ಬಂದದ್ದು ಎಂದರು ಡಾಕ್ಟರು. ಎಷ್ಟು ದಿನದಲ್ಲಿ ಸರಿಹೋಗುತ್ತದೆ ಎಂದು ನಾನು ಕೇಳಿದೆ, ಆಯ್ಕೆಯ ವಿಷಯವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು, "ನಡೆಯೋಕೆ ಕಾಲು ಬೇಕಲ್ವೇನಮ್ಮ? ಬಾಕ್ಸಿಂಗ್ ಮರೆತುಬಿಡು" ಎಂದರು. ನಾನು ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಅತ್ತೆ. ಸೆರಗು ಅಮ್ಮನದು, ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು.

ಡಾಕ್ಟರು ಹೊರಡುವಾಗ, ಬಾಗಿಲ ಬಳಿ ನಿಂತಿದ್ದ ತಂಗಿ ಅವರನ್ನು ತಡೆದು ಕೇಳಿದಳು: "ಒದ್ದಿದ್ದಕ್ಕಾ ಸಾರ್ ಹಿಂಗಾಗಿದ್ದು?"

ನಮ್ಮ ಕಡೆಯ ಈ ಒದೆಯ ವಿಷಯ ಆ ಮನುಷ್ಯನಿಗೆ ಹೇಗೆ ಗೊತ್ತಿರಬೇಕು? ಬಾಕ್ಸಿಂಗಿನಲ್ಲಿ ಬಿದ್ದ ಏಟಿನ ಬಗ್ಗೆ ಕೇಳುತ್ತಿದ್ದಾಳೆ ಅಂದುಕೊಂಡರು. "ಒದೆ ತಿಂದ್ರೆ ಇನ್ನೇನಾಗ್ತದಮ್ಮ? ಹಿಂಗೇ ಆಗೋದು" ಎಂದು ಅವಸರದಲ್ಲಿ ಹೊರಟುಹೋದರು.

ನಾನು ಮಲಗಿದ್ದಲ್ಲಿಂದಲೇ ಕೂಗಿಕೊಂಡೆ, ಅವರು ಹೇಳಿದ್ದು ಅದಲ್ಲ ಕಣೇ ಎಂದು. ಆಮೇಲೆ ಅದೇ ಡಾಕ್ಟರ ಬಾಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿಸಿದೆ. ಅವರು ನಕ್ಕು, "ನಿನ್ನ ಕಾಲಿಗೆ ಅಷ್ಟು ಶಕ್ತಿ ಎಲ್ಲಿದೆ ಮಗು, ಅದು ಹಳೇ ನೋವು" ಎಂದರು. ತಂಗಿ ತಲೆಯಾಡಿಸಿದಳು. ಅವರು ಹೋದ ಮೇಲೆ, "ನನ್ನ ಸಮಾಧಾನಕ್ಕೆ ಹೇಳಿಸಿದೆ ಅಲ್ವಾ ಅಕ್ಕ?" ಎಂದಳು. ನನಗೆ ಕೆಟ್ಟ ಕೋಪ ಬಂತು. ಬಾಯಿಗೆ ಬಂದಂತೆ ಬೈದೆ. ಬೈಗುಳವನ್ನು ಮಾತ್ರ ಅವಳು ನಂಬಿದಳು.

ಮುಂದಿನ ಭಾನುವಾರ ಮಂಡಿಯ ಹಮಾಲನೊಬ್ಬ ಗೋಡೆ ಹಿಡಿದುಕೊಂಡು ಬಂದ. ತಂಗಿ ಹಿತ್ತಲಿಗೆ ಓಡಿ ಬಚ್ಚಲ ಬಾಗಿಲು ಹಾಕಿಕೊಂಡಳು. ಅಮ್ಮ ಬಾಗಿಲಿಗೆ ಅಡ್ಡ ನಿಂತು, "ಇಲ್ಲಪ್ಪ, ಅವಳು ತಲೆ ಮುಂದಾಗೇ ಹುಟ್ಟಿದ್ದು. ನಾನೇ ಮರೆತು ಹೇಳ್ಬಿಟ್ಟಿದ್ದೆ" ಎಂದಳು.

"ಹೆತ್ತೋಳು ಅದನ್ನ ಮರೀತಾಳೇನಮ್ಮ?" ಎಂದು ಆತ ಕೇಳಿದ. ಆತ ಬಂದ ಹಾಗೆಯೇ ಗೋಡೆ ಹಿಡಿದು ಹೋದ.

ಆಯ್ಕೆ ಮುಗಿದ ಮಾರನೆಯ ದಿನ ಗುರುಗಳು ಮನೆಗೆ ಬಂದರು. ಕುರ್ಚಿಯಲ್ಲಿ ಕೂತು ಹಾಲಿನ ರೇಟು, ಮಳೆ ಎಂದು ಏನೇನೋ ಮಾತಾಡಿದರು. ನನ್ನ ತೂಕದ ವಿಭಾಗದಲ್ಲಿ ಯಾರು ಆಯ್ಕೆಯಾದರು ಎಂದು ನಾನೇ ಬಾಯಿಬಿಟ್ಟು ಕೇಳಿದೆ. ಹೇಳಿದರು. ನಾನು ಎರಡು ಸಲ ಸೋಲಿಸಿದ್ದ ಹುಡುಗಿ. "ಅವತ್ತು ನಿನ್ನ ಗದರಿಸಿ ಕೂರಿಸ್ಬೇಕಿತ್ತು ನಾನು" ಎಂದು ಹೇಳಿ, ಕಾಫಿ ಕುಡಿದು ಎದ್ದರು.

ಈಗ ನಾನು ಮಾಲೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ, ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು. ತಂಗಿಯನ್ನು ಮುಳಬಾಗಿಲಿಗೆ ಕೊಟ್ಟಿದ್ದೇವೆ. ಬಾಕ್ಸಿಂಗ್ ಹೋದ ದುಃಖ ದೊಡ್ಡದೇ, ಸುಳ್ಳು ಹೇಳುವುದಿಲ್ಲ. ಆದರೂ ಅದರ ಜೊತೆ ಹೇಗೋ ಬಾಳುತ್ತಿದ್ದೇನೆ.

ಈ ಸಲ ಚಳಿ ಶುರುವಾದಾಗ ನನಗೆ ಮತ್ತೆ ಸೊಂಟ ಹಿಡಿಯಿತು. ರಜೆ ಹಾಕಿ ಊರಿಗೆ ಬಂದು ನಡುಮನೆಯಲ್ಲಿ ಮಲಗಿದ್ದೆ. ತಂಗಿಯೂ ಬಂದಿದ್ದಳು. ಅಡುಗೆಮನೆಗೆ ಹೋಗಲು ನನ್ನ ಪಕ್ಕದಲ್ಲಿ ಬೇಕಾದಷ್ಟು ಜಾಗವಿದೆ. ಅವಳು ಮಾತ್ರ ಬೀದಿ ಬಾಗಿಲಿನಿಂದ ಇಳಿದು, ಮನೆ ಸುತ್ತಿ, ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದಳು. ಎಷ್ಟು ಹೊತ್ತೆಂದು ನೋಡಲಿ?

"ಬಾರೇ ಇಲ್ಲಿ. ಒಂದ್ಸಲ ಕಾಲಿಡು. ನೋವು ಹೋಗ್ಲಿ ಅಂತಲ್ಲ, ಸುಮ್ನೆ" ಎಂದೆ.

ಅವಳು ಗೋಡೆಗೆ ಒರಗಿ ದೂರದಲ್ಲೇ ಕೂತಳು. ಎರಡೂ ಕಾಲನ್ನು ಮಡಚಿ ಸೀರೆಯೊಳಗೆ ಸೇರಿಸಿಕೊಂಡಳು.

"ಅಕ್ಕ, ನೀನು ರಿಂಗಲ್ಲಿ ನಿಂತಿದ್ದನ್ನ ನಾನು ಒಂದು ದಿನಾನೂ ನೋಡ್ಲೇ ಇಲ್ಲ" ಎಂದಳು. ಹೇಳುತ್ತಲೇ ಅಳು ಒತ್ತರಿಸಿ ಬಂತು.

ಹೋಗಿ ಅವಳನ್ನು ತಬ್ಬಿಕೊಳ್ಳೋಣವೆಂದು ಕೈಯೂರಿದೆ. ಸೊಂಟ ಬಿಡಲಿಲ್ಲ. ಅವಳು ಅಲ್ಲಿ ಕೂತು ಅಳುತ್ತಿದ್ದಳು, ನಾನು ಇಲ್ಲಿ ಮಲಗಿ ನೋಡುತ್ತಿದ್ದೆ.