ನಾನು ಸೋಲಬೇಕಿದ್ದ ವಾದ

ಐರ್ಲೆಂಡಿನ ಗಾಲ್ವೆಯ ಬಾಡಿಗೆ ಮನೆಯಲ್ಲಿ ನಾವು ಮೂವರು: ನಾನು, ಮೈಸೂರಿನ ಗೆಳತಿ, ಇಂಗ್ಲೆಂಡಿನಿಂದ ಬಂದ ಫುಟ್‌ಬಾಲ್ ಆಟಗಾರ್ತಿ. ಆಕೆ ಡಿಫೆಂಡರ್. ಗೋಲು ಹೊಡೆಯುವುದಲ್ಲ, ಹೊಡೆಯಲು ಬಿಡದಿರುವುದು ಅವಳ ವೃತ್ತಿ. ಚಿಕ್ಕಂದಿನಲ್ಲೇ ತನ್ನೂರಿನ ಕ್ಲಬ್ ಸೇರಿ, ಬೆಳೆದ ಮೇಲೆ ಅವರೇ ಬೇಡವೆಂದಾಗ ಇನ್ನೆರಡು ಕ್ಲಬ್ ಸುತ್ತಿ ಇಲ್ಲಿಗೆ ಬಂದಿದ್ದಳು. ಬಂದ ವರ್ಷವೇ ಎಡಮಂಡಿಯ ಲಿಗಮೆಂಟ್ ಹರಿಯಿತು. ಆಪರೇಷನ್, ತಿಂಗಳುಗಟ್ಟಲೆ ವ್ಯಾಯಾಮ. ಕೊನೆಗೆ ಡಾಕ್ಟರು ಆಡಬಹುದು ಎಂದರೂ ಅವಳಿಗೇ ಧೈರ್ಯ ಸಾಲದು.

ಒಂದು ಸಂಜೆ ಅಡುಗೆಮನೆಯಲ್ಲಿ ಕೇಳಿದಳು: "ಕಾಲೇಜಿನ ಚರ್ಚಾಸ್ಪರ್ಧೇಲಿ ಯಾವ ಪಕ್ಷ ಕೊಟ್ರೂ ವಾದ ಮಾಡ್ತಿದ್ದೆ ಅಂತೀಯಲ್ಲ. ನಾನು ಆಟ ಬಿಡಬೇಕು ಅಂತ ವಾದ ಮಾಡು, ನೋಡೋಣ."

ಪಕ್ಷ ಕೈಗೆ ಬಂದ ಮೇಲೆ ನಾನು ಬಿಡುವವಳಲ್ಲ. ಮಂಡಿ ಮತ್ತೆ ಹರಿದರೆ ಮೆಟ್ಟಿಲು ಹತ್ತುವುದೂ ಕಷ್ಟ. ಹೇಗಿದ್ದರೂ ಉಳಿದಿರುವುದು ಕೆಲವೇ ವರ್ಷಗಳ ಆಟ. ಅವಳಿಲ್ಲದೆಯೂ ತಂಡ ನಡೆದಿದೆ. ಆಕೆ ಒಂದಕ್ಕೂ ಎದುರಾಡಲಿಲ್ಲ. "ಗ್ರ್ಯಾಂಡ್" ಎಂದು, ಇಲ್ಲಿಯವರು "ಸರಿ" ಎನ್ನುವ ಹಾಗೆ, ಲೋಟ ತೊಳೆದಿಟ್ಟು ಮೇಲೆ ಹೋದಳು.

ಗೆಳತಿ ಕನ್ನಡಕ್ಕೆ ತಿರುಗಿದಳು. "ಬಹುಮಾನ ಕೊಡ್ಬೇಕೇನೇ ನಿಂಗೆ?"

"ಅವಳೇ ಕೇಳಿದ್ಲು ಕಣೇ."

"ನಿನ್ ಭಾಷಣ ಯಾರಿಗ್ ಬೇಕಿತ್ತು? ಆ ಭಯ ಎಲ್ಲ ಸುಳ್ಳು, ಹೋಗಿ ಆಡು ಅಂತ ಯಾರಾದ್ರೂ ಹೇಳ್ಲಿ ಅಂತ ಅವಳು ಕೇಳಿದ್ದು!"

ಇದಕ್ಕೂ ನನ್ನ ಬಳಿ ಪ್ರತಿವಾದವಿತ್ತು. ಆದರೆ ಮೇಲಿನ ಕೋಣೆಯಲ್ಲಿ ಸದ್ದೇ ಇರಲಿಲ್ಲ. ನನ್ನ ವಾದದ ಬಿರುಕನ್ನು ನಾನೇ ಹುಡುಕತೊಡಗಿದೆ, ಸಿಗಲಿಲ್ಲ.

ಶನಿವಾರ ತಂಡದ ಪಂದ್ಯ. ಆಕೆ ಏನೂ ಹೇಳದೆ ಬೇಗನೆ ಹೊರಟಿದ್ದಳು. ನಾವಿಬ್ಬರೂ ಮೈದಾನಕ್ಕೆ ಹೋದಾಗ ಬದಲಿ ಆಟಗಾರ್ತಿಯರ ಬೆಂಚಿನ ಮೇಲಿದ್ದಳು. ದ್ವಿತೀಯಾರ್ಧದಲ್ಲಿ ಒಳಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಎದುರು ತಂಡದ ಹುಡುಗಿಯೊಬ್ಬಳು ಚೆಂಡಿನೊಂದಿಗೆ ನುಗ್ಗಿದಳು. ನಮ್ಮವಳು ಹುಲ್ಲಿನ ಮೇಲೆ ಜಾರಿ, ಅದೇ ಎಡಗಾಲು ಚಾಚಿ ಚೆಂಡನ್ನು ಪಕ್ಕದ ಗೆರೆಯಾಚೆ ತಳ್ಳಿದಳು, ಬಿದ್ದಲ್ಲೇ ಉಳಿದಳು. ಗೆಳತಿ ನನ್ನ ತೋಳನ್ನು ಹಿಂಡಿದಳು.

ಆಕೆ ಎದ್ದಳು. ಎದ್ದವಳೇ ಪಕ್ಕದ ಆಟಗಾರ್ತಿಗೆ ಬೈದಳು. ವಾದದಲ್ಲಿ ಸೋತು ನಾನು ಇಷ್ಟು ಹಗುರಾದದ್ದು ಅದೇ ಮೊದಲು.

ತಂಡ ಎರಡು ಗೋಲಿನಿಂದ ಸೋತಿತು. ಬೇಲಿ ಬಳಿ ಬಂದವಳನ್ನು ಕೇಳಿದೆ: "ಅಷ್ಟೆಲ್ಲ ಹೇಳಿದ್ನಲ್ಲ, ಯಾಕೆ ಆಡಿದೆ?"

"ಎದುರಿಗೆ ಬರೋಳ ಜೋರು ಯಾವ ಕಾಲಲ್ಲಿದೆ ಅಂತ ಗೊತ್ತಾಗೋವರ್ಗೂ ನಂಗೆ ಭಯ. ನೀನು ನಿನ್ ಹತ್ರ ಇರೋ ವಾದ ಎಲ್ಲಾ ತೋರಿಸ್ಬಿಟ್ಟೆ. ನಂಗೆ ಆಡಕ್ಕೆ ಬರಲ್ಲ ಅಂತ ಮಾತ್ರ ಅದ್ರಲ್ಲಿ ಎಲ್ಲೂ ಇರ್ಲಿಲ್ಲ."

ತರ್ಕ ಪೂರ್ತಿ ಒಪ್ಪುವಂಥದ್ದಲ್ಲ. ಬಿಟ್ಟುಕೊಟ್ಟೆ.

"ಆದ್ರೆ ಆ ಎರಡನೇ ಗೋಲು ನಿಂದೇ ತಪ್ಪು."

"ನಂದಾ? ಕೀಪರ್ ಎಲ್ಲಿ ನಿಂತಿದ್ಲು, ನೋಡಿದ್ಯಾ?"

ಕಾರಿನವರೆಗೂ ಜಗಳವಾಡಿದೆವು. ಮಂಡಿಯ ಮಾತು ಯಾರೂ ಎತ್ತಲಿಲ್ಲ.