ನೀಲಗಿರಿ ತೋಪಿನ ಅಣ್ಣ

ಯಾರು ಮಾತಾಡಿಸಿದರೂ ಅಣ್ಣ ಕತ್ತು ಓರೆ ಮಾಡಿ ಬಲಗಿವಿಯನ್ನು ಮುಂದಕ್ಕೆ ತರುತ್ತಿದ್ದರು. ಎಡಗಿವಿ ಚಿನ್ನದ ಗಣಿಯ ಸಿಡಿಮದ್ದಿಗೆ ಹೋಗಿತ್ತು. ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ಕಂಬ ನಿಲ್ಲಿಸುವ ಕೆಲಸ ಅವರದು. ಗಣಿ ಮುಚ್ಚಿದ ಮೇಲೆ, ತಮಿಳರೇ ಹೆಚ್ಚಿರುವ ಗಣಿಯೂರು ಊರಿಗಾಮಿನಿಂದ ನಮ್ಮ ಬೂದಿಕೋಟೆ ಕಡೆಗೆ ಬಂದು, ಒಬ್ಬ ಮಾಲೀಕರ ದೊಡ್ಡ ನೀಲಗಿರಿ ತೋಪಿನ ಉಸ್ತುವಾರಿ ವಹಿಸಿಕೊಂಡರು. ಕೂಲಿಗೆ ಹೋಗುತ್ತಿದ್ದ ನಾವು ಹೆಂಗಸರು ತೋಪಿನ ಅಣ್ಣ ಎನ್ನುತ್ತಿದ್ದೆವು.

ತೋಪನ್ನು ಪಾಲು ಮಾಡಿ, ಒಂದು ಪಾಲು ಕಡಿಯುವಾಗ ಮಿಕ್ಕವು ಬೆಳೆಯುವಂತೆ ನೋಡಿಕೊಂಡರು. ಕಡಿದ ಬುಡದಲ್ಲಿ ಗುಂಪಾಗಿ ಏಳುವ ಚಿಗುರುಗಳಲ್ಲಿ ಗಟ್ಟಿಯಾದ ಎರಡನ್ನು ಬಿಟ್ಟು ಉಳಿದವನ್ನು ಸವರಿಸುವರು. ಯಾವುದನ್ನು ಬಿಡೋಣವೆಂದು ನಮ್ಮನ್ನೇ ಕೇಳುವರು. ತಪ್ಪು ಹೇಳಿದರೆ ನಗುವರು, ಬೈಯುತ್ತಿರಲಿಲ್ಲ. ಒಣಗಿದ ಎಲೆ ಗುಡಿಸಿ ಒಲೆಗೆ ಒಯ್ಯಲು ಧಾರಾಳವಾಗಿ ಬಿಡುತ್ತಿದ್ದರು. ಎಣ್ಣೆಯಿರುವ ಎಲೆ, ಬೇಸಿಗೆಯಲ್ಲಿ ಒಂದು ಕಿಡಿ ಸಾಕು.

ಅಂಥ ಬೇಸಿಗೆಯ ಒಂದು ಮಧ್ಯಾಹ್ನ ಪಕ್ಕದ ಹೊಲದ ಬದುವಿಗೆ ಹಚ್ಚಿದ ಬೆಂಕಿ ಗಾಳಿಗೆ ತೋಪಿನೊಳಕ್ಕೆ ನುಗ್ಗಿತು. ನಾನೂ ನನ್ನ ಓರಗಿತ್ತಿಯೂ ಒಳಗೆ ಎಲೆ ಗುಡಿಸುತ್ತಿದ್ದೆವು. ಹೊಗೆ ಕವಿದು ದಾರಿಯೇ ಕಾಣಲಿಲ್ಲ. ಆಳುಗಳೆಲ್ಲ ಇನ್ನೊಂದು ಬದಿಯಲ್ಲಿ ಕಡಿಯಲು ಬಲಿತು ನಿಂತಿದ್ದ ಮರಗಳನ್ನು ಉಳಿಸಲು ಓಡಿದ್ದರಂತೆ. ಅಣ್ಣ ಅವರೆಲ್ಲರನ್ನೂ ಹಿಂದಕ್ಕೆ ಕರೆದರು. ಮಾಲೀಕರು ಸುಮ್ಮನಿರುವುದಿಲ್ಲ ಎಂದು ಕೂಲಿ ಮೇಸ್ತ್ರಿ ಎಚ್ಚರಿಸಿದನಂತೆ.

"ಒಳಗೆ ಎಂಗಸ್ರವ್ರೆ. ಮೊದ್ಲು ಆಳು, ಆಮೇಲೆ ಮಾಲು" ಎಂದವರೇ ಹಸಿ ಕೊಂಬೆ ಮುರಿದುಕೊಂಡು ಬೆಂಕಿ ಬಡಿಯುತ್ತ ಮುಂದೆ ನಡೆದರು. ಎಲ್ಲರೂ ಹಿಂದೆ ಬಂದರು. ಹೊಗೆಯೊಳಗಿಂದ ಒಂದು ಕೈ ಬಂದು ನನ್ನ ಮೊಣಕೈ ಹಿಡಿಯಿತು.

"ಮೂಟೆ ಬುಟ್ಬುಟ್ಟು ಬಾಮ್ಮ" ಎಂದರು ಅಣ್ಣ.

ನಾನಿನ್ನೂ ಎಲೆಯ ಮೂಟೆಯನ್ನು ತಬ್ಬಿಕೊಂಡೇ ನಿಂತಿದ್ದೆ.

ಬಲಿತ ಮರಗಳು ಹೊತ್ತಿ ಕರಕಾದವು. ಮಾಲೀಕರು ಅಣ್ಣನನ್ನು ಕೆಲಸದಿಂದ ಬಿಡಿಸಿದರು. ಅವರು ಎದುರಾಡದೆ ಬಸ್ಸು ಹತ್ತಿದರು. ಮಳೆ ಬಿದ್ದು ಸುಟ್ಟ ಬುಡಗಳು ಚಿಗುರಿದಾಗ ಸವರಲು ಮಾಲೀಕರು ನಮ್ಮನ್ನು ಕರೆದರು. ಅಣ್ಣ ಬರುವ ತನಕ ತೋಪಿಗೆ ಕಾಲಿಡುವುದಿಲ್ಲವೆಂದು ನನ್ನ ಓರಗಿತ್ತಿ ಹೇಳಿದಳು. ಉಳಿದವರೂ ಅವಳ ಜೊತೆ ನಿಂತೆವು. ಕೂಲಿಯಿಲ್ಲದೆ ಕಷ್ಟವೇ ಆಯಿತು. ಕೊನೆಗೆ ಮಾಲೀಕರೇ ಊರಿಗಾಮಿಗೆ ಹೋಗಿ ಅವರನ್ನು ಕರೆತಂದರು.

ಗಣಿಯ ದೂಳು ಎದೆಯಲ್ಲಿ ಕೂತಿದ್ದರಿಂದ ಅಣ್ಣ ಹೋದ ವರ್ಷ ತೀರಿಕೊಂಡರು. ನಾವೆಲ್ಲ ಟೆಂಪೋ ಮಾಡಿಕೊಂಡು ಊರಿಗಾಮಿನ ಅವರ ಮನೆಗೆ ಹೋದೆವು. ಅವರಿಗೆ ನೀವೇನಾಗಬೇಕೆಂದು ಅವರ ಹೆಂಡತಿ ತಮಿಳಿನಲ್ಲಿ ಕೇಳಿದರು. ಹೇಳಲು ಎಷ್ಟೋ ಇತ್ತು, ನನಗೆ ಆ ಭಾಷೆ ಮಾತಾಡಲು ಬಾರದು. ತಂಗಿ ಎನ್ನುವುದಕ್ಕೆ ಅವರಲ್ಲಿರುವ ಮಾತೊಂದು ಗೊತ್ತಿತ್ತು.

"ತಂಗಚ್ಚಿ" ಎಂದೆ.

ಅವರು ಸರಿದು, ಅಣ್ಣನ ತಲೆಯ ಪಕ್ಕ ನನಗೆ ಜಾಗ ಬಿಟ್ಟರು.